ಸಹಿ ಇರುವ ಬ್ಯಾಟಿಗೆ ಲ್ಯಾಕರ್ ಹೊಡೆಸಬೇಡಿ

ತಂಡದವರೆಲ್ಲ ಮಾರ್ಕರಿನಲ್ಲಿ ಸಹಿ ಹಾಕಿದ್ದ ಬ್ಯಾಟು. ಸಹಿ ಅಳಿಸಿಹೋಗದಿರಲಿ ಎಂದು ಫ್ರೇಮ್ ಹಾಕುವವರು ಅದರ ಮೇಲೆ ಕ್ಲಿಯರ್ ಲ್ಯಾಕರ್, ಅಂದರೆ ವಾರ್ನಿಶ್‌ನಂಥ ಪಾರದರ್ಶಕ ಲೇಪ, ಸ್ಪ್ರೇ ಮಾಡಿದರು. ನೋಡನೋಡುತ್ತಲೇ ಕಪ್ಪು ಗೆರೆಗಳ ಸುತ್ತ ನೇರಳೆ ಅಂಚು ಮೂಡಿತು, ಅಕ್ಷರಗಳ ಸಂದುಗಳು ತುಂಬಿಕೊಂಡವು. ಬಟ್ಟೆಯಿಂದ ಒರೆಸಲು ಹೋಗಿ ಉಳಿದದ್ದನ್ನೂ ಕಳೆದರು. ಆ ಸಹಿಗಳನ್ನು ಇನ್ನು ಯಾರೂ ಮರಳಿ ತರಲಾರರು.

ಪರ್ಮನೆಂಟ್ ಮಾರ್ಕರ್ ನೀರಿಗೆ ಜಗ್ಗುವುದಿಲ್ಲ ನಿಜ, ಆದರೆ ಅದರ ಶಾಯಿ ಆಲ್ಕೋಹಾಲಿನಂಥ ದ್ರಾವಕದಲ್ಲಿ ಕರಗಿಸಿದ ಬಣ್ಣ. ಸ್ಪ್ರೇ ಲ್ಯಾಕರಿನಲ್ಲಿರುವ ದ್ರಾವಕ ಒಣಗಿದ ಶಾಯಿಯನ್ನು ಮತ್ತೆ ಕರಗಿಸುತ್ತದೆ. ಕಪ್ಪು ಶಾಯಿ ಹೆಚ್ಚಾಗಿ ಹಲವು ಬಣ್ಣಗಳ ಬೆರಕೆ. ಬೇಗ ಹರಿಯುವ ಬಣ್ಣ ಮೊದಲು ಅಂಚಿಗೆ ಬರುತ್ತದೆ, ಆ ನೇರಳೆ ಬಂದದ್ದು ಹಾಗೆ. ಅಗಸೆ ಎಣ್ಣೆಯೂ ಬೇಡ: ಎಣ್ಣೆ ಕುಡಿದ ಮರದ ಮೇಲೆ ಶಾಯಿ ನಿಲ್ಲುವುದಿಲ್ಲ, ಹರಡುತ್ತದೆ. ಸಹಿ ಇರುವ ಚೆಂಡಿಗೆ ಪಾಲಿಶ್ ಹಚ್ಚಬೇಡಿ. ಮಸುಕಾದ ಸಹಿಯ ಮೇಲೆ ಪೆನ್ನಾಡಿಸಲೇಬೇಡಿ, ತಿದ್ದಿದ ಮೇಲೆ ಅದು ಆಟಗಾರನ ಸಹಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಶತ್ರು ಬೆಳಕು. ಸಾಮಾನ್ಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ಅದರ ಬದಲು ಅವನ್ನು ಸೋಸುವ ಅಕ್ರಿಲಿಕ್ ಹಾಳೆ ಹಾಕಿಸಿ. ಆದರೆ ಅಷ್ಟಕ್ಕೇ ನಿಶ್ಚಿಂತೆಯಾಗಬೇಡಿ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಬೆಳಕಿಗೆ ಬೇಗ ಮಾಸುವ ವಸ್ತುಗಳಿಗೆ ಮ್ಯೂಸಿಯಂಗಳು ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಮೀರದಂತೆ ನೋಡಿಕೊಳ್ಳುತ್ತವೆ. ಕಿಟಕಿಯ ಎದುರಿನ ಗೋಡೆ ಬಿಡಿ, ಕೇಸಿನೊಳಗೆ ಹ್ಯಾಲೊಜೆನ್ ದೀಪ ಬೇಡ, ನೋಡುವವರಿಲ್ಲದಾಗ ದೀಪ ಆರಿಸಿ.

ಸಹಿ ಮಾಡಿದ ಫೋಟೊ ಗಾಜಿಗೆ ತಾಗಬಾರದು. ತೇವ ಸೇರಿದರೆ ಫೋಟೊದ ಮೇಲ್ಪದರ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ಸಹಿಯೊಂದಿಗೆ ಕಿತ್ತುಬರುತ್ತದೆ. ನಡುವೆ 3–5 ಮಿ.ಮೀ. ಅಂತರ ಬರುವಂತೆ ಸ್ಪೇಸರ್ ಹಾಕಿಸಿ, ಹಿಂಬದಿಗೆ ಆಮ್ಲರಹಿತ ಬೋರ್ಡೇ ಇರಲಿ. ಹೊಸ ರೆಕ್ಸಿನ್ನಿನಂತೆ ಗಮ್ಮೆನ್ನುವ ಮೆತ್ತನೆಯ ಪ್ಲಾಸ್ಟಿಕ್ ಕವರು ಬಹುತೇಕ ಪಿವಿಸಿ. ಅದನ್ನು ಮೃದುಗೊಳಿಸಲು ಬೆರೆಸಿದ ರಾಸಾಯನಿಕ ಹೊರಗೆ ಜಿನುಗಿ ಶಾಯಿಯನ್ನು ಎಬ್ಬಿಸಿಬಿಡುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು ಕೇಳಿ ಪಡೆಯಿರಿ. ಜೆರ್ಸಿಗೆ ಅಂಟು ಬೇಡ, ಬೋರ್ಡಿಗೆ ಸಡಿಲವಾಗಿ ಹೊಲಿದರೆ ಸಾಕು.

ಗೋಡೆಗೆ ಹಾಕುವ ಮುನ್ನ ಸಹಿಯ ಫೋಟೊ ಹತ್ತಿರದಿಂದ ತೆಗೆದಿಡಿ. ಆರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕಪ್ಪು ಶಾಯಿ ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಅವತ್ತೇ ಇಳಿಸಿ, ಕತ್ತಲಿರುವ, ತೇವವಿಲ್ಲದ ಕಪಾಟಿಗೆ ಸೇರಿಸಿ.