ಬಾಲ್ ಪೈಥಾನ್‌ಗೆ ಗಾಜಿನ ಟ್ಯಾಂಕಾ, ಪ್ಲಾಸ್ಟಿಕ್ ಡಬ್ಬವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲಾಸ್ಟಿಕ್ ಡಬ್ಬಕ್ಕೆ. ಗಾಜಿನ ಟ್ಯಾಂಕ್ ನೋಡೋಕೆ ಚಂದ, ಮನೆಗೆ ಬಂದವರೆಲ್ಲ ಬಗ್ಗಿ ನೋಡಿ ಹೊಗಳುತ್ತಾರೆ. ಹಾವಿಗೆ ಆ ಚಂದದಿಂದ ಏನೂ ಆಗಬೇಕಿಲ್ಲ.

ತಕರಾರೆಲ್ಲ ಟ್ಯಾಂಕಿನ ಜಾಲರಿ ಮುಚ್ಚಳದ್ದು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಹಗಲೆಲ್ಲ ಬಿಲದಲ್ಲಿರುತ್ತದೆ. ತೇವಾಂಶ ಶೇ. 60ರ ಆಸುಪಾಸು ಬೇಕು, ಪೊರೆ ಬಿಡುವಾಗ ಇನ್ನೂ ಜಾಸ್ತಿ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಜಾಲರಿಯಡಿ ತೇವ ನಿಲ್ಲುತ್ತದಾ? ಮುಚ್ಚಳದ ಮೇಲೆ ಒದ್ದೆ ಟವೆಲ್ ಹೊದಿಸಿದರೆ ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ. ಕೂಲರ್ ಹಾಕಿದರೆ ಆಯ್ತಲ್ವಾ ಅಂದರು ಅಣ್ಣ. ಕರೆಂಟ್ ಹೋದರೆ?

ಟ್ಯಾಂಕಿನಲ್ಲಿದ್ದಾಗ ನನ್ನ ಹಾವಿಗೆ ಆಗಿದ್ದೂ ಅದೇ. ಪೊರೆ ಬಿಡುವ ಮುಂಚೆ ಆಗುವಂತೆ ಕಣ್ಣು ನೀಲಿಗಟ್ಟಿತು, ಆಮೇಲೆ ಪೊರೆ ಚೂರುಚೂರಾಗಿ ಬಂತು. ಬಾಲದ ತುದಿಗೆ ಒಂದಿಷ್ಟು ಬಿಗಿದುಕೊಂಡಿತು. ಹಾಗೇ ಬಿಟ್ಟರೆ ರಕ್ತ ಓಡದೆ ತುದಿಯೇ ಸತ್ತುಹೋಗುತ್ತದೆ. ಎಡಗಣ್ಣಿನ ಮೇಲಿನ ಪದರವೂ ಅಂಟಿಕೊಂಡೇ ಉಳಿಯಿತು. ಅದನ್ನು ಚಿಮಟ ಹಾಕಿ ಕೀಳಬಾರದು, ಕಣ್ಣಿಗೇ ಪೆಟ್ಟು. ಉಗುರುಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಹಾವನ್ನು ಬಿಟ್ಟ ಮೇಲೆ ಬಾಲದ್ದು ಜಾರಿತು. ಕಣ್ಣಿನದು ಹೋಗಿದ್ದು ಮುಂದಿನ ಪೊರೆಯ ಜೊತೆಗೆ.

ಅಷ್ಟರಲ್ಲಿ ಹಾವು ಡಬ್ಬಕ್ಕೆ ಬಂದಿತ್ತು. ಸೂಪರ್ ಮಾರ್ಕೆಟ್ ಕಡೆ ಸಿಗುತ್ತದಲ್ಲ, ಬಟ್ಟೆ ತುಂಬಿಡುವ ಕ್ಲಿಪ್ ಮುಚ್ಚಳದ ಡಬ್ಬ, ಅದೇ. ಸೋಲ್ಡರಿಂಗ್ ಕಡ್ಡಿ ಕಾಯಿಸಿ ಪಕ್ಕಕ್ಕೆ ತೂತು ಹಾಕಿದೆ. ಕೆಟ್ಟ ಹೊಗೆ, ಮಾಳಿಗೆ ಮೇಲೆ ಮಾಡಿ. ತಳಕ್ಕೆ ನೆನೆಸಿ ಹಿಂಡಿದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಈಗ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡು, ಒಳಮೈ ಹೊರಗಾಗಿ, ಕಣ್ಣಿನ ಎರಡು ಪುಟ್ಟ ಪದರಗಳ ಸಮೇತ.

ಊಟದಲ್ಲೂ ಡಬ್ಬವೇ ಮುಂದೆ. ನಾಲ್ಕೂ ಕಡೆ ಬಯಲಾದ ಗಾಜಿನಲ್ಲಿ ಇಲಿ ಕಂಡರೆ ಮೂತಿ ತಿರುಗಿಸುತ್ತಿತ್ತು. ಇಲ್ಲಿ ಕತ್ತಲು, ಮರೆ, ತಿನ್ನುತ್ತದೆ. ಪೊರೆಗೆ ಮುಂಚೆ ತಿನ್ನದಿದ್ದರೆ ಅದು ಮಾಮೂಲು. ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸವಿದ್ದರೂ ತೂಕ ಇಳಿಯದಿದ್ದರೆ ಸುಮ್ನೆ ಬಿಡಿ. ಇಲಿ ಮಾತ್ರ ಫ್ರೀಜರಿನದೇ ಇರಲಿ, ಕರಗಿಸಿ ಬೆಚ್ಚಗೆ ಮಾಡಿ ಕೊಡಿ. ಜೀವಂತ ಇಲಿ ಹಾವನ್ನೇ ಕಚ್ಚುತ್ತದೆ.

ಮೇಲಿನಿಂದ ದೀಪದ ಶಾಖ ಕೊಡೋಕೆ ಟ್ಯಾಂಕೇ ಸುಲಭ, ಒಪ್ಪುತ್ತೇನೆ. ಡಬ್ಬಕ್ಕೆ ಅಡಿಯಲ್ಲಿ ಹೀಟ್ ಮ್ಯಾಟ್, ಅದರ ಶಾಖ ಮಿತಿ ಮೀರದಂತೆ ತಡೆಯೋಕೆ ಒಂದು ಥರ್ಮೋಸ್ಟಾಟ್ ಬೇಕೇ ಬೇಕು. ಮೇ ತಿಂಗಳಲ್ಲಿ ಮಾತ್ರ ಮ್ಯಾಟ್ ಕಿತ್ತಿಟ್ಟು, ಡಬ್ಬವನ್ನೇ ಎತ್ತಿ ತಂಪಾದ ಕೋಣೆಗೆ ಒಯ್ಯುತ್ತೇನೆ. ಆ ಗಾಜನ್ನು ಎತ್ತೋಕೆ ಇಬ್ಬರು ಬೇಕು. ಎರಡರಲ್ಲಿ ಯಾವುದರಲ್ಲಿಟ್ಟರೂ ಇಂಥ ವಿದೇಶಿ ಪ್ರಾಣಿ ಸಾಕುವವರಿಗೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ತಪ್ಪಿದ್ದಲ್ಲ.

ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವನು. ಹಗಲು ನೀರು ಚಿಮುಕಿಸುವವರು ನಿಮ್ಮ ಮನೆಯಲ್ಲಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಗಾಜು ತಗೊಳ್ಳಿ. ನನ್ನದೇ ಅರ್ಧ ಬೆಲೆಗೆ ಕೊಡುತ್ತೇನೆ.