ಮಾರ್ಗದರ್ಶಕರ ವರದಿಯನ್ನು ಯಾರು ಓದುತ್ತಾರೆಂದು ಮೊದಲೇ ಕೇಳಿಕೊಳ್ಳಿ

ಕ್ರೈಸ್ತ ಸಭೆಗಳ (ಚರ್ಚುಗಳ) ಪಾಲನೆಯ ಸೇವೆಗಾಗಿ ಓದುತ್ತಿರುವ ವಿದ್ಯಾರ್ಥಿಗಳಿಗೂ ಅವರಿಗೆ ಮಾರ್ಗದರ್ಶಕರಾಗುವ ನನ್ನಂಥ ಸಭಾಪಾಲಕರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಬರೆದ ಒಂದು ಸಾಲಿನಿಂದ ಒಬ್ಬ ಒಳ್ಳೆಯ ಹುಡುಗನ ಓದು ಅರ್ಧಕ್ಕೆ ನಿಂತಿತು.

ದೇವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದ ಕಾಲೇಜುಗಳಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದುವವರು ತರಗತಿಯ ಪಾಠದ ಜೊತೆಗೆ ಸಭೆಗಳಲ್ಲಿ ಸೇವೆ ಮಾಡಿಯೂ ಕಲಿಯುತ್ತಾರೆ. ನಮ್ಮಲ್ಲಿ ಅವರ ಪ್ರಸಂಗವನ್ನು (ಆರಾಧನೆಯಲ್ಲಿ ಮಾಡುವ ಉಪದೇಶವನ್ನು) ತಿದ್ದುವವರೂ ಮನಸ್ಸಿನ ಮಾತು ಕೇಳುವವರೂ ಕೊನೆಗೆ ವರದಿ ಬರೆಯುವವರೂ ಆ ಸಭೆಯ ಪಾಲಕರೇ. ತೊಡಕು ಹುಟ್ಟುವುದೇ ಇಲ್ಲಿ.

ಆ ಹುಡುಗನ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಶನಿವಾರ ಸಂಜೆ, ಮರುದಿನದ ಪ್ರಸಂಗವನ್ನು ನೋಡಲು ಕುಳಿತಾಗ, ಅವನು ಬೈಬಲ್ ತೆರೆದು 88ನೆಯ ಕೀರ್ತನೆಯನ್ನು ತೋರಿಸಿದ. ಪೆನ್ಸಿಲ್ಲಿನಿಂದ ಗೆರೆ ಎಳೆದೆಳೆದು ಆ ಹಾಳೆ ಸವೆದಿತ್ತು. ವಿಲಾಪದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದಾದರೋ ಕತ್ತಲೆಯಲ್ಲೇ ಮುಗಿಯುತ್ತದೆ. "ಅಯ್ಯನವರೇ, ಈಗ ನನಗೆ ಪ್ರಾರ್ಥನೆ ಬರುವುದಿಲ್ಲ. ದೇವರು ಕೇಳುತ್ತಾನೋ ಇಲ್ಲವೋ ತಿಳಿಯದು," ಎಂದ. ಬೈಬಲಿನ ಯೆರೆಮೀಯನೂ ಯೋಬನೂ ಇದಕ್ಕಿಂತ ಕಟುವಾಗಿ ದೇವರೊಡನೆ ಮಾತಾಡಿದ್ದಾರೆಂದು ನಾನು ಹೇಳಿದೆ. ಅವನು ಅತ್ತ, ಹಗುರಾದ, ಮರುದಿನ ಪ್ರಸಂಗವನ್ನೂ ಚೆನ್ನಾಗಿ ಮಾಡಿದ.

ವರ್ಷದ ಕೊನೆಯಲ್ಲಿ ವರದಿಯ ನಮೂನೆ ಬಂತು. 'ಆತ್ಮಿಕ ಜೀವನ' ಎಂಬ ಕಾಲಂನಲ್ಲಿ, ಅಧ್ಯಾಪಕರು ಅವನನ್ನು ಇನ್ನಷ್ಟು ಆಸ್ಥೆಯಿಂದ ನೋಡಿಕೊಳ್ಳಲಿ ಎಂಬ ಉದ್ದೇಶದಿಂದಲೇ, "ವಿಶ್ವಾಸದಲ್ಲಿ ಸಂದೇಹಗಳಿವೆ, ಆಸರೆ ಬೇಕು" ಎಂದು ಬರೆದೆ. ಅದರ ಒಂದು ಪ್ರತಿ ಅವನ ಓದಿನ ಖರ್ಚು ವಹಿಸಿಕೊಂಡಿದ್ದ ಸಮಿತಿಗೂ ಹೋಗುತ್ತದೆಂದು ನಾನು ವಿಚಾರಿಸಿರಲಿಲ್ಲ. ಅವರು 'ಸಂದೇಹ' ಎಂಬ ಮಾತನ್ನಷ್ಟೇ ಹಿಡಿದುಕೊಂಡರು. ಅವನನ್ನು ಕರೆದು ಒಂದು ಮಾತೂ ಕೇಳದೆ ಸಹಾಯವನ್ನು ನಿಲ್ಲಿಸಿದರು. ನಾನು ಎರಡು ಬಾರಿ ಪತ್ರ ಬರೆದರೂ ಫಲವಾಗಲಿಲ್ಲ.

ಮಾರ್ಗದರ್ಶಕರಾಗುವವರು, ಆ ಕೆಲಸ ಒಪ್ಪಿಕೊಳ್ಳುವ ಮೊದಲೇ, ವರದಿ ಯಾರ ಯಾರ ಕೈಗೆ ಹೋಗುತ್ತದೆಂಬುದನ್ನು ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ. ನನ್ನ ಅಭಿಪ್ರಾಯದಲ್ಲಿ ಮನಸ್ಸಿನ ಮಾತು ಕೇಳುವವರು ಮತ್ತು ಅಂಕ ಹಾಕುವವರು ಬೇರೆ ಬೇರೆಯವರೇ ಆಗಿರಬೇಕು. ಅದು ಸಾಧ್ಯವಿಲ್ಲವಾದರೆ ಖಾಲಿ ನಮೂನೆಯನ್ನು ಮೊದಲ ದಿನವೇ ವಿದ್ಯಾರ್ಥಿಯ ಮುಂದಿಡಿ, ತುಂಬಿದ ಮೇಲೆ ಅವನಿಗೆ ಓದಿ ಹೇಳಿ, ಆಮೇಲಷ್ಟೇ ಕಳುಹಿಸಿ. ಯಾರದಾದರೂ ಜೀವಕ್ಕೋ ಮಕ್ಕಳ ಸುರಕ್ಷತೆಗೋ ಅಪಾಯವಿದ್ದರೆ ಮುಚ್ಚಿಡುವಂತಿಲ್ಲ. ಅದನ್ನೂ ಆ ಮೊದಲ ದಿನವೇ ಹೇಳಿಬಿಡಬೇಕು. ವಿದ್ಯಾರ್ಥಿಗಳೇ, ನಿಮ್ಮ ಮಾರ್ಗದರ್ಶಕರು ಎಷ್ಟೇ ಆತ್ಮೀಯರಾಗಿರಲಿ, ವರದಿಯನ್ನು ಯಾರು ಓದುತ್ತಾರೆಂದು ಕೇಳಲು ಸಂಕೋಚಪಡಬೇಡಿ.

ಹಾಸ್ಟೆಲ್ ಬಿಡುವ ದಿನ ಅವನು ಫೋನು ಮಾಡಿ, "ಅಯ್ಯನವರೇ, ಅದನ್ನು ನೀವೇ ಬರೆದಿರಾ?" ಎಂದಷ್ಟೇ ಕೇಳಿದ. ಹೌದು ಎಂದೆ. ಆಮೇಲೆ ಅವನು ನನಗೆ ಫೋನು ಮಾಡಿಲ್ಲ.