ಪ್ರಿನ್ಸ್‌ನ ‘ಪರೇಡ್’: ಶೀಟಿನ ಮಾಡಿನ ಕೆಳಗೆ ವರ್ಷಗಟ್ಟಲೆ ಕೇಳಿದ ಮೇಲೆ

ಕೊಡಗಿನಲ್ಲಿ ಇರುವವರು ಯಾವುದೇ ಆಲ್ಬಂ ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಜುಲೈ ತಿಂಗಳಲ್ಲಿ ಅದು ಕೇಳಿಸುತ್ತದಾ? ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಹಿಂದೆ ಹೆಂಚು, ಮುಂದೆ ಶೀಟು. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಅಂಥ ಮನೆಯಲ್ಲಿ ಕ್ಯಾಸೆಟ್, ಸಿಡಿ, ಎಲ್‌ಪಿ, ಈಗ ಮೊಬೈಲ್ ಅಂತ ಎಲ್ಲ ರೂಪದಲ್ಲೂ ಬಳಸಿದ ಆಲ್ಬಂ ಇದು. ಹಾಗಾಗಿ ಸ್ವಲ್ಪ ಅಧಿಕಾರದಿಂದಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಿನ್ಸ್ ಅಮೆರಿಕದ ಗಾಯಕ, ‘ಪರೇಡ್’ ಅವನ ಆಲ್ಬಂ. ಬಂದದ್ದು 1986ರ ಮಾರ್ಚ್ 31ರಂದು. ಪ್ರಿನ್ಸ್ ತನ್ನ ರೆವಲ್ಯೂಷನ್ ತಂಡದ ಹೆಸರಿನಲ್ಲಿ ತಂದ ಕೊನೆಯ ಹೊಸ ಆಲ್ಬಂ ಇದು. ಅದೇ ವರ್ಷ ಅವನು ತಂಡವನ್ನು ಬರ್ಖಾಸ್ತು ಮಾಡಿದ. ಹನ್ನೆರಡು ಹಾಡು, ಒಟ್ಟು ಸುಮಾರು 41 ನಿಮಿಷ. ಜುಲೈನಲ್ಲಿ ಬಂದ ‘ಅಂಡರ್ ದ ಚೆರ್ರಿ ಮೂನ್’ ಸಿನಿಮಾದ ಹಾಡುಗಳೂ ಇವೇ. ಸಿನಿಮಾಕ್ಕೆ ಹೀರೋನೂ ಪ್ರಿನ್ಸ್, ನಿರ್ದೇಶಕನೂ ಪ್ರಿನ್ಸ್. ಫ್ರಾನ್ಸಿನ ನೀಸ್ ಕಡೆ ತೆಗೆದ ಕಪ್ಪು ಬಿಳುಪು ಚಿತ್ರ. ಆ ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಕೊಡುವ ರ‍್ಯಾಝಿ ಪ್ರಶಸ್ತಿಯನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತು. ಸಿನಿಮಾ ಬಗ್ಗೆ ಇಷ್ಟು ಸಾಕು. ನೋಡಿದ್ದೇನೆ, ಇನ್ನೊಮ್ಮೆ ನೋಡುವ ಆಸೆ ಇಲ್ಲ. ಆಲ್ಬಂ ಅರ್ಥವಾಗಲು ಅದನ್ನು ನೋಡಲೇಬೇಕು ಅಂತಲೂ ಇಲ್ಲ.

ಮಳೆಗಾಲದ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗುವುದು ‘ಕಿಸ್’. ಈ ಹಾಡಿನಲ್ಲಿ ಬೇಸ್ ಗಿಟಾರೇ ಇಲ್ಲ. ಪ್ರಿನ್ಸ್ ಮೊದಲು ಇದನ್ನು ಸುಮ್ನೆ ಗಿಟಾರಿನಲ್ಲಿ ಹಾಡಿ ಮಜರಾಟಿ ಅನ್ನುವ ತಂಡಕ್ಕೆ ಕೊಟ್ಟಿದ್ದ. ಡೇವಿಡ್ ಝಡ್ ಅನ್ನುವ ನಿರ್ಮಾಪಕ ಆ ತಂಡದವರ ಜೊತೆ ಕೂತು ಅದಕ್ಕೆ ತಾಳ ಕಟ್ಟಿದ, ಹಿನ್ನೆಲೆ ದನಿ ಸೇರಿಸಿದ. ಅದನ್ನು ಕೇಳಿದ ಪ್ರಿನ್ಸ್ ಹಾಡನ್ನೇ ವಾಪಸ್ ತೆಗೆದುಕೊಂಡ! ಬೇಸ್ ಕಿತ್ತು ಹಾಕಿದ, ತನ್ನ ಗಿಟಾರ್ ಮತ್ತು ಕೀರಲು ದನಿ ಹಾಕಿದ. ಉಳಿದದ್ದು ಡ್ರಮ್ ಮಷಿನ್, ಚಕ್ ಚಕ್ ಅನ್ನುವ ಗಿಟಾರ್, ಮೇಲಿನ ಸ್ವರದ ದನಿ, ಮಧ್ಯೆ ಖಾಲಿ ಜಾಗ. ಇದು 1986ರ ಏಪ್ರಿಲ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆಗ ಎರಡನೇ ಸ್ಥಾನದಲ್ಲಿದ್ದದ್ದು ಬ್ಯಾಂಗಲ್ಸ್ ತಂಡದ ‘ಮ್ಯಾನಿಕ್ ಮಂಡೇ’. ಅದನ್ನು ಬರೆದವನೂ ಪ್ರಿನ್ಸೇ, ಬೇರೆ ಹೆಸರಿನಲ್ಲಿ.

ಶೀಟಿನ ಮೇಲೆ ಮಳೆ ಬೀಳುವಾಗ ಇದನ್ನು ಹಾಕಿ ನೋಡಿ. ಮಳೆಯ ಸದ್ದು ಒಂದೇ ಸಮನೆ ಹಾಸಿಕೊಂಡು ಇರುತ್ತದೆ. ಒಂದೇ ಸಮನೆ ಹಾಸಿಕೊಂಡಿರುವ ಸಂಗೀತ ಏನಿದ್ದರೂ ಅದರೊಳಗೆ ಮುಳುಗಿ ಹೋಗುತ್ತದೆ. ಪಿಟೀಲು, ಆರ್ಗನ್, ಎಲ್ಲಾ. ಆದರೆ ‘ಕಿಸ್’ ಚೂರು ಚೂರಾಗಿ ಬರುತ್ತದೆ. ಪ್ರತಿ ಪೆಟ್ಟೂ ಥಟ್ಟನೆ ಎದ್ದು ಥಟ್ಟನೆ ನಿಲ್ಲುತ್ತದೆ, ಹಿಂದೆ ಗುಂಯ್‌ಗುಡುವ ಬಾಲ ಇಲ್ಲ. ಹಾಗಾಗಿ ಮಳೆಯ ಮೇಲೇ ಎದ್ದು ಕೇಳಿಸುತ್ತದೆ. ವಾಲ್ಯೂಮ್ ಜಾಸ್ತಿ ಮಾಡುವುದೂ ಬೇಡ. ಒಂದು ದಿನ ಚಿಕ್ಕಪ್ಪ ಕೊಡೆ ಮಡಚುತ್ತಾ ಒಳಗೆ ಬಂದವರು ಬಾಗಿಲಲ್ಲೇ ನಿಂತು, “ಏನೋ ಇದು, ಹಾಡ್ತಿರೋದು ಗಂಡಸಾ ಹೆಂಗಸಾ?” ಅಂದರು. “ಗಂಡಸೇ ಚಿಕ್ಕಪ್ಪ” ಅಂದೆ. ಅವರು ನಂಬಲಿಲ್ಲ. ಆದರೆ ಕಾಲು ಮಾತ್ರ ತಾಳ ಹಾಕುತ್ತಿತ್ತು.

ಮದುವೆ ಮನೆಯಲ್ಲಿ ವಾಲಗ ಶುರುವಾದ ಕೂಡಲೇ ಅಜ್ಜ ಅಜ್ಜಿಯರೂ ಎದ್ದು ಕುಣಿಯುವ ಊರು ನಮ್ಮದು. ಇಲ್ಲಿ ಫಂಕ್, ಅಂದರೆ ತಾಳವೇ ಮುಂದೆ ನಿಂತು ಕುಣಿಸುವ ಸಂಗೀತ, ಏನು ಅಂತ ಯಾರಿಗೂ ಪಾಠ ಮಾಡಬೇಕಿಲ್ಲ. ‘ಗರ್ಲ್ಸ್ ಆ್ಯಂಡ್ ಬಾಯ್ಸ್’ ಹಾಕಿದರೆ ಸಾಕು. ಅದರಲ್ಲಿ ಎರಿಕ್ ಲೀಡ್ಸ್ ಊದಿರುವ ಬ್ಯಾರಿಟೋನ್ ಸ್ಯಾಕ್ಸ್ ಇದೆ, ದಪ್ಪ ಗಂಟಲಿನದು. ಅದು ಮಳೆಗೂ ಜಗ್ಗುವುದಿಲ್ಲ, ಪಿಕಪ್‌ನ ಹರಿದ ಸ್ಪೀಕರಿಗೂ ಜಗ್ಗುವುದಿಲ್ಲ. ‘ಮೌಂಟನ್ಸ್’ ಕೂಡ ಹಾಗೇ. ಸೋಮವಾರಪೇಟೆಯಿಂದ ಮಡಿಕೇರಿಗೆ ಹೋಗುವ ತಿರುವುಗಳಲ್ಲಿ ಅದಕ್ಕಿಂತ ಒಳ್ಳೆಯ ಹಾಡು ನನಗೆ ಸಿಕ್ಕಿಲ್ಲ.

ಇನ್ನು ಫೇಲಾಗುವ ಹಾಡುಗಳು. ಈ ಆಲ್ಬಂಗೆ ಆರ್ಕೆಸ್ಟ್ರಾ ಬರೆದವರು ಕ್ಲೇರ್ ಫಿಶರ್, ಜಾಝ್ ಕಡೆಯವರು. ಪ್ರಿನ್ಸ್ ಮತ್ತು ಅವರು ಮುಖಾಮುಖಿ ಕೂತು ಮಾಡಿದ ಕೆಲಸ ಅಲ್ಲ ಇದು. ಟೇಪು ಆ ಕಡೆ ಹೋಗುತ್ತಿತ್ತು, ಪಿಟೀಲು ಕೊಳಲು ತುಂಬಿಕೊಂಡು ಈ ಕಡೆ ಬರುತ್ತಿತ್ತು. ಆ ಪಿಟೀಲುಗಳು ಹಾಡಿಗೆ ಅಡ್ಡ ಬರುವುದಿಲ್ಲ, ಹಿಂದೆ ನಿಂತು ಬೇರೇನೋ ಮಾತಾಡುತ್ತಿರುತ್ತವೆ. ಆಲ್ಬಂನ ಅರ್ಧ ಮಜಾ ಅಲ್ಲೇ ಇದೆ. ಮಳೆಗಾಲದಲ್ಲಿ ಆ ಅರ್ಧ ನಮಗೆ ಸಿಗುವುದಿಲ್ಲ. ‘ವೀನಸ್ ಡಿ ಮೈಲೋ’ ಅನ್ನುವ ಪುಟ್ಟ ಪಿಯಾನೋ ತುಣುಕಂತೂ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ.

ಅದಕ್ಕೆ ಡಿಸೆಂಬರ್, ಜನವರಿ ಬರಬೇಕು. ಕಣದಲ್ಲಿ ಕಾಫಿ ಹರಡಿರುವಾಗ ರಾತ್ರಿ ಕಾವಲಿಗೆ ಯಾರಾದರೂ ಇರಲೇಬೇಕಲ್ಲ. ಆಗ ಹೆಡ್‌ಫೋನ್ ಹಾಕುವ ಹಾಗಿಲ್ಲ, ನಾಯಿ ಬೊಗಳಿದರೆ ಕೇಳಬೇಕು. ಸ್ಪೀಕರನ್ನು ಕಡಿಮೆ ಸದ್ದಿನಲ್ಲಿ ಕಣದ ಕಟ್ಟೆ ಮೇಲೆ ಇಟ್ಟರೆ ಸಾಕು. ಮೊದಲನೇ ಹಾಡಿನಲ್ಲೇ ಫಿಶರ್ ಬರೆದದ್ದು ಒಂದೊಂದಾಗಿ ಬಿಡಿಸಿಕೊಂಡು ಕೇಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರಿನಲ್ಲಿ ಎಡ ಬಲ ಎಲ್ಲ ಒಂದಾಗಿಬಿಡುತ್ತದೆ. ಅದರಿಂದ ‘ಐ ವಂಡರ್ ಯೂ’ ಕೆಡುತ್ತದೆ. ರೆವಲ್ಯೂಷನ್ ತಂಡದ ಗಿಟಾರ್ ವಾದಕಿ ವೆಂಡಿ ಮೆಲ್ವಾಯ್ನ್ ಹಾಡಿರುವ ಆ ಹಾಡನ್ನು ಎರಡು ಸ್ಪೀಕರ್ ಇಟ್ಟುಕೊಂಡೇ ಕೇಳಬೇಕು.

ಬಾಳಿಕೆ ವಿಷಯ. ಕ್ಯಾಸೆಟ್ಟಿನ ರೀಲಿಗೆ ಬಿಳಿ ಬೂಷ್ಟು ಹಿಡಿಯಿತು. ಎಲ್‌ಪಿ ತಟ್ಟೆ ಚೆನ್ನಾಗಿದೆ, ಕವರು ಹೋಯಿತು. ಕಪ್ಪು ಬಿಳುಪಿನ ಅಷ್ಟು ಚಂದದ ಫೋಟೋ, ಅದರ ಅಂಚಿನಲ್ಲಿ ಈಗ ಹಳದಿ ಚುಕ್ಕೆ. ಅಟ್ಟದಲ್ಲಿ ಇಡಬೇಡಿ, ಗೋಡೆಗೆ ತಾಗಿಸಿಯೂ ಇಡಬೇಡಿ. ತೇವ ಹಿಡಿಯದ ಹಾಗೆ ಒಳಗೆ ಬಲ್ಬು ಹಾಕಿದ ಬೀರು ಇದ್ದರೆ ಒಳ್ಳೆಯದು. ನಮ್ಮಲ್ಲಿ ರೇಷ್ಮೆ ಸೀರೆಗಳಿಗೆ ಅಂತ ಒಂದಿದೆ, ಅದರಲ್ಲಿ ಜಾಗ ಕೇಳುವ ಧೈರ್ಯ ನನಗಿಲ್ಲ. ಎಲ್ಲಕ್ಕಿಂತ ಹೆಚ್ಚು ಬಾಳಿದ್ದು ಸಿಡಿ. ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಸಿಡಿಯಲ್ಲಿ ಸದ್ದಿನ ಮಟ್ಟ ಮಾತ್ರ ಸ್ವಲ್ಪ ಕಡಿಮೆ.

ಮೊಬೈಲಿನಲ್ಲಿ ಕೇಳುವವರು ಜೂನ್‌ಗೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಇನ್ನೊಂದು ಸೆಟ್ಟಿಂಗ್ ನೋಡಿಕೊಳ್ಳಿ. ಮೊದಲ ನಾಲ್ಕು ಹಾಡುಗಳ ಡ್ರಮ್ಸ್ ಪ್ರಿನ್ಸ್ ಒಂದೇ ಉಸಿರಿನಲ್ಲಿ, ಮಧ್ಯೆ ಟೇಪು ನಿಲ್ಲಿಸದೆ ಬಾರಿಸಿದ್ದ. ಹಾಡಿನಿಂದ ಹಾಡಿಗೆ ಹಾಗೇ ಜಾರಿಕೊಂಡು ಹೋಗುತ್ತದೆ. ಆ್ಯಪ್‌ನಲ್ಲಿ ಹಾಡುಗಳ ಮಧ್ಯೆ ಅಂತರ ಇದ್ದರೆ, ಅಥವಾ ಶಫಲ್ ಒತ್ತಿದರೆ, ಆ ಓಟ ಮುರಿದುಹೋಗುತ್ತದೆ. ಯಾರೋ ಪೆನ್‌ಡ್ರೈವಿಗೆ ಹಾಕಿಕೊಟ್ಟ ಎಂಪಿ3ಯಲ್ಲಿ ಪ್ರತಿ ಹಾಡಿನ ಕೊನೆಗೂ ಒಂದು ಕಚಕ್ ಇತ್ತು. ಅದನ್ನು ಅಳಿಸಿ ಹಾಕಿದೆ.

ಕೊನೆಯ ಹಾಡು ‘ಸಮ್‌ಟೈಮ್ಸ್ ಇಟ್ ಸ್ನೋಸ್ ಇನ್ ಏಪ್ರಿಲ್’, ಅಂದರೆ ಒಮ್ಮೊಮ್ಮೆ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ ಅಂತ. ಹೂಮಳೆ ಬಿದ್ದ ಮೇಲೆ ಕಾಫಿ ತೋಟ ಹೂ ಬಿಟ್ಟು ಬೆಳ್ಳಗಾದ ಫೋಟೋ ತೆಗೆದು, ಈ ಹಾಡು ಹಾಕಿ ಸ್ಟೇಟಸ್ ಇಡುವವರಿದ್ದಾರೆ. ದಯವಿಟ್ಟು ಬೇಡ. ಇದು ಸಾವಿನ ಹಾಡು. ಸಿನಿಮಾದಲ್ಲಿ ಗುಂಡೇಟಿಗೆ ಸಾಯುವ ಟ್ರೇಸಿ ಅನ್ನುವ ಗೆಳೆಯನ ನೆನಪಿನಲ್ಲಿ ಹಾಡಿದ್ದು. ಡ್ರಮ್ಸ್ ಇಲ್ಲ. ಗಿಟಾರ್, ಪಿಯಾನೋ, ಪ್ರಿನ್ಸ್ ಜೊತೆ ವೆಂಡಿ ಮತ್ತು ಅದೇ ತಂಡದ ಲೀಸಾ, ಅಷ್ಟೇ. 2016ರಲ್ಲಿ ಪ್ರಿನ್ಸ್ ತೀರಿಕೊಂಡದ್ದೂ ಏಪ್ರಿಲ್ 21ರಂದು. ಅದಾದ ಮೇಲೆ ಈ ಹಾಡನ್ನು ಕೇಳುವುದು ಇನ್ನೂ ಕಷ್ಟ. ಸಿನಿಮಾದಲ್ಲಿ ಟ್ರೇಸಿ ಸತ್ತಾಗ ನನಗೆ ಏನೂ ಅನಿಸಲಿಲ್ಲ, ಹಾಡಿನಲ್ಲಿ ಅನಿಸುತ್ತದೆ. ಸಿನಿಮಾ ಹಾಡು ಅಂತ ಈ ಆಲ್ಬಂ ಕೊಂಡು ಸಿನಿಮಾ ಹುಡುಕುತ್ತಾ ಹೋಗಬೇಡಿ ಅನ್ನುವುದು ಇದಕ್ಕೇ.

ಇಷ್ಟವಾಗದ್ದೂ ಇದೆ. ‘ಡು ಯೂ ಲೈ’ ನಾಟಕದ ಮಧ್ಯೆ ಬರುವ ತಮಾಷೆಯ ಹಾಗೆ. ಒಮ್ಮೆ ನಗು ಬರುತ್ತದೆ, ಆಮೇಲೆ ಮುಂದಕ್ಕೆ ಓಡಿಸುತ್ತೇನೆ. ‘ಲೈಫ್ ಕ್ಯಾನ್ ಬಿ ಸೋ ನೈಸ್’ ಬೆಳಿಗ್ಗೆ ಹೊತ್ತು ತುಂಬಾ ಗಲಾಟೆ ಅನಿಸುತ್ತದೆ. ಪ್ರಿನ್ಸ್‌ನ 1984ರ ‘ಪರ್ಪಲ್ ರೇನ್’ ಮನಸ್ಸಿನಲ್ಲಿ ಇಟ್ಟುಕೊಂಡು, ಹಾಗೇ ಗಿಟಾರ್ ಸುರಿಯುತ್ತದೆ ಅಂತ ಇದನ್ನು ತೆಗೆದುಕೊಂಡವರಿಗೆ ನಿರಾಸೆ ಗ್ಯಾರಂಟಿ.

ಹೊಸಬರು ‘ಗರ್ಲ್ಸ್ ಆ್ಯಂಡ್ ಬಾಯ್ಸ್’ ಮತ್ತು ‘ಕಿಸ್’ ಕೇಳಿ, ಹಿಡಿಸಿದರೆ ಸಿಡಿ ತೆಗೆದುಕೊಳ್ಳಿ. ಎಲ್‌ಪಿ ಬೇಕೇ ಬೇಕು ಅನ್ನುವವರು ಮೊದಲು ಬೀರುವಿನ ಬಗ್ಗೆ ಮನೆಯಲ್ಲಿ ಮಾತಾಡಿಕೊಳ್ಳಿ.